ಪತ್ತೇದಾರ ಬ್ಯಾಡ, ಕುರಿ ಕಾಯಾಂವ ಬೇಕು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ... ಬ್ಲಾಗಿಗೆ ಜೇಡ ಬಲೆ ಕಟ್ಟಿದೆ. ರಿಲೀಸು, ಆನ್‌ಕಾಲು, ಪ್ರಾಜೆಕ್ಟು ಅಂತ ನೆಪ ಹೇಳಬಹುದು. ಆದ್ರೆ ನಿಜ ಅದಲ್ಲ. ಇದನ್ನ ಬರೆಯೋದಕ್ಕೆ ಮನಸ್ಸು ಒಪ್ಪಿರಲಿಲ್ಲ, ಇದನ್ನ ಬಿಟ್ಟು ಬೇರೆ ಏನನ್ನಾದ್ರೂ ಬರೆಯೋದಕ್ಕೂ ಆಗ್ತಿರಲಿಲ್ಲ.

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ತನ್ನ ಸಂಬಂಧಿಕರ ಕಥೆ ಹೇಳ್ತಿದ್ದ. ವಯಸ್ಸಾದವರು, ಚಿಕ್ಕಮಗಳೂರು ಕಡೆ ಹೋದವರು ಎರಡು ದಿನದಿಂದ ಪತ್ತೆ ಇಲ್ಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಇಡ್ಲಿ ಮುರೀತಾ ತಣ್ಣಗೆ ಹೇಳಿದ: "ಒಳ್ಳೆ ಪ್ರೈವೇಟ್ ಡಿಟೆಕ್ಟಿವ್ ಹಿಡೀರಿ, ದುಡ್ಡು ಹೋದ್ರೂ ಕೆಲಸ ಆಗತ್ತೆ." ಸುತ್ತ ಕೂತ ನಾಲ್ಕೂ ಜನ ತಲೆ ಆಡಿಸಿದರು. ನನಗೆ ಮೈ ಉರಿದುಹೋಯ್ತು. ಯಾಕಂದ್ರೆ ಹೋದ ವರ್ಷ ಅದೇ ಮಾತನ್ನ ನಮ್ಮ ಮನೇಲಿ ಹೇಳಿದವನು ನಾನೇ.

ನಮ್ಮೂರು ಕುಷ್ಟಗಿ ತಾಲೂಕಿನದು. ಹೆಸರು ಬೇಡ ಬಿಡಿ. ನಮ್ಮ ದೊಡ್ಡಪ್ಪಗೆ ವಯಸ್ಸು ಎಪ್ಪತ್ತು ದಾಟಿತ್ತು, ಒಂದು ವರ್ಷದಿಂದ ಮರೆವು ಶುರುವಾಗಿತ್ತು. ಶ್ರಾವಣದ ಶನಿವಾರ ಊರವರ ಜತೆ ಟಂಟಂ ಹತ್ತಿ ಗಂಗಾವತಿ ದಾಟಿ ಅಂಜನಾದ್ರಿಗೆ ಹೋದರು. 575 ಮೆಟ್ಟಿಲು ಹತ್ತೋದು ಆಗಲ್ಲ ಅಂತ ಕೆಳಗೆ ಕಾಯಿ ಮಾರೋ ಅಂಗಡಿ ಹತ್ತಿರ ಕೂಡ್ರಿಸಿ ಉಳಿದವರು ಮೇಲೆ ಹೋದರು. ಇಳಿದು ಬಂದಾಗ ದೊಡ್ಡಪ್ಪ ಇಲ್ಲ. ಅಷ್ಟೇ ಕಥೆ. ಜಗಳ ಇಲ್ಲ, ಸಾಲ ಇಲ್ಲ, ಹೊಲದ ವ್ಯಾಜ್ಯ ಇಲ್ಲ. ಒಬ್ಬ ಮುದುಕ ಎದ್ದು ನಡೆದ.

ಊರಿಂದ ಇಪ್ಪತ್ತು ಜನ ಬಂದರು. ಗಂಗಾವತಿ, ಹೊಸಪೇಟೆ, ಕೊಪ್ಪಳದ ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಆಸ್ಪತ್ರೆ ಎಲ್ಲ ಹುಡುಕಿದರು. ಪೊಲೀಸರು ದೂರು ತಗೊಂಡರು, ಫೋಟೋ ಬೇರೆ ಠಾಣೆಗಳಿಗೆ ಕಳಿಸಿದರು. ನಾಲ್ಕು ದಿನ ಆದ ಮೇಲೆ ಬೆಂಗಳೂರಲ್ಲಿ ಕೂತ ಜಾಣ ನಾನು, ಗೂಗಲ್‌ನಲ್ಲಿ ಹುಡುಕಿ ಒಂದು ಏಜೆನ್ಸಿ ಹಿಡಿದೆ. ಒಟ್ಟು 40 ಸಾವಿರ ಅಂತ ಮಾತಾಯ್ತು, 25 ಸಾವಿರ ಮುಂಗಡ ಫೋನಿನಲ್ಲೇ ಕಳಿಸಿದೆ. ಕಳಿಸಿದ ಮೇಲೆ ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಅದನ್ನೇ ನನಗೆ ಇವತ್ತಿಗೂ ಮರೆಯೋಕಾಗಿಲ್ಲ.

ಆ ಪತ್ತೇದಾರರನ್ನ ಮೋಸಗಾರ ಅಂತ ಬೈಯೋಕೆ ಈ ಪೋಸ್ಟ್ ಬರೀತಿಲ್ಲ. ಅವರು ತಮಗೆ ಬರೋ ಕೆಲಸ ಮಾಡಿದರು. ಮದುವೆ ಮುಂಚೆ ಹುಡುಗನ ಬಗ್ಗೆ ವಿಚಾರಿಸೋದು, ಕಂಪನಿಗೆ ಸೇರೋರ ಹಿನ್ನೆಲೆ ನೋಡೋದು, ಗಂಡ ಹೆಂಡ್ತಿ ಅನುಮಾನದ ಬೆನ್ನು ಹತ್ತೋದು, ಇದೇ ಈ ದಂಧೆಯ ಅನ್ನ. ಹಾಗಾಗಿ ನಮಗೂ ಅದೇ ಪ್ರಶ್ನೆ ಬಂದವು. ಆಸ್ತಿ ಎಷ್ಟು? ಮಕ್ಕಳ ನಡುವೆ ಮನಸ್ತಾಪ ಇದೆಯಾ? ಎರಡನೇ ಸಂಸಾರ ಏನಾದ್ರೂ...? ನಮ್ಮ ದೊಡ್ಡವ್ವಗೆ ಈ ಕೊನೇ ಪ್ರಶ್ನೆ ಕೇಳಿದಾಗ ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಎದ್ದು ಹೋದಳು. ಪತ್ತೇದಾರ ಹುಡುಕೋದು ಉದ್ದೇಶವನ್ನ. ದಾರಿ ತಪ್ಪಿದ ಮುದುಕನಿಗೆ ಉದ್ದೇಶ ಎಲ್ಲಿಂದ ಬರಬೇಕು? ಅವನಿಗಿರೋದು ಎರಡು ಕಾಲು, ಅಷ್ಟೆ.

ತಪ್ಪು ನಮ್ಮ ತಲೆಯಲ್ಲಿರೋ ಚಿತ್ರದ್ದು. ಅಪ್ಪನ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳಿದ್ದವು, ರಟ್ಟು ಹರಿದವು. ಏಳನೇ ಕ್ಲಾಸಿನ ಬೇಸಿಗೆ ರಜೆ ಪೂರ್ತಿ ನಾನು ಪತ್ತೇದಾರ ಪುರುಷೋತ್ತಮನ ಹುಚ್ಚಿನಲ್ಲಿದ್ದೆ. ಎಲ್ಲರೂ ಸೋತ ಮೇಲೆ ಒಬ್ಬ ಬುದ್ಧಿವಂತ ಬರ್ತಾನೆ, ಒಬ್ಬನೇ ಬಗೆಹರಿಸ್ತಾನೆ ಅನ್ನೋದು ಅಲ್ಲಿಂದಲೇ ತಲೆಗೆ ಹತ್ತಿದ್ದು. ಇಂಜಿನಿಯರಿಂಗ್ ಓದಿದರೂ ಇಳಿಯಲಿಲ್ಲ :-)

ಕಾನೂನಿನ ಕಡೆ ನೋಡಿ. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರ ಅನ್ನೋನಿಗೆ ಲೈಸೆನ್ಸ್ ಕೊಡೋ ಪ್ರತ್ಯೇಕ ಕೇಂದ್ರ ಕಾಯ್ದೆಯೇ ಇಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಇರೋದು ಸೆಕ್ಯುರಿಟಿ ಗಾರ್ಡುಗಳ ಲೆಕ್ಕಕ್ಕೆ. ಪತ್ತೇದಾರರಿಗೆ ಅಂತ 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆ ಆಯ್ತು, ಅದು ಕಾಯ್ದೆ ಆಗಲೇ ಇಲ್ಲ. ಅಂದ್ರೆ ನಾಳೆ ನಾನೂ ಬೋರ್ಡ್ ಹಾಕಬಹುದು, ನೀವೂ ಹಾಕಬಹುದು. ನಿಮಗೂ ನನಗೂ ಇಲ್ಲದ ಯಾವ ಅಧಿಕಾರವೂ ಅವನಿಗಿಲ್ಲ. ಹಾಗಿದ್ದೂ ಅವರು ನಮಗೆ ಹೇಳಿದ್ದೇನು ಗೊತ್ತೇ? "ಟವರ್ ಡೀಟೇಲ್ಸ್ ತರಿಸ್ತೀವಿ ಸರ್, ನಮ್ಮ ಜನ ಇದ್ದಾರೆ." ಕಾಲ್ ದಾಖಲೆಗಳನ್ನ ಕಾನೂನುಬದ್ಧವಾಗಿ ಕೇಳೋದು ಪೊಲೀಸರು, ಅದೂ ಎಸ್ಪಿ ದರ್ಜೆಯ ಮೂಲಕ. ಉಳಿದ ದಾರಿಯೆಲ್ಲ ಕಳ್ಳದಾರಿ. 2018ರಲ್ಲಿ ಠಾಣೆ ಪೊಲೀಸರು (ಮುಂಬೈ ಪಕ್ಕದ ಠಾಣೆ ಊರು, ಸ್ಟೇಷನ್ ಅಲ್ಲ!) ಇಂಥ ದಾಖಲೆ ಮಾರಾಟದ ಕೇಸಿನಲ್ಲಿ ಹಲವು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ದರು.

ಇನ್ನು ಆ ಟವರ್ ವಿಷಯ. ಸಿನಿಮಾ ನೋಡಿ ನೋಡಿ, ಫೋನ್ ಇದ್ರೆ ನಕ್ಷೆ ಮೇಲೆ ಕೆಂಪು ಚುಕ್ಕೆ ಮಿನುಗತ್ತೆ ಅಂತ ನಂಬಿದೀವಿ. ದೊಡ್ಡಪ್ಪನ ಹತ್ತಿರ ಇದ್ದದ್ದು ಬಟನ್ ಫೋನು, ಮೊದಲ ರಾತ್ರಿವರೆಗೆ ರಿಂಗಾಯ್ತು, ಆಮೇಲೆ ಸ್ವಿಚ್ಡ್ ಆಫ್. ಟವರಿನ ದಾಖಲೆ ಹೇಳೋದು ಫೋನು ಯಾವ ಟವರಿನ ಯಾವ ದಿಕ್ಕಿನ ಆಂಟೆನಾಕ್ಕೆ ಅಂಟಿಕೊಂಡಿತ್ತು ಅಂತ ಮಾತ್ರ. ದೂರದ ಅಂದಾಜು ಸಿಕ್ಕರೂ ಹಳೇ 2ಜಿಯಲ್ಲಿ ಅದರ ಒಂದೊಂದು ಮೆಟ್ಟಿಲು ಸುಮಾರು 550 ಮೀಟರು. ಬೆಂಗಳೂರಲ್ಲಿ ಗಲ್ಲಿಗೊಂದು ಟವರು, ಲೆಕ್ಕ ಹತ್ತುತ್ತೆ. ಆನೆಗುಂದಿ, ಸಣಾಪುರ ಕಡೆ ಒಂದು ದಿಕ್ಕು ಅಂದ್ರೆ ಅದರೊಳಗೆ ಗುಡ್ಡ, ಹೊಳೆ, ಕಾಲುವೆ, ಭತ್ತದ ಗದ್ದೆ, ಬಾಳೆ ತೋಟ ಎಲ್ಲ ಬರತ್ತೆ. ಬಂಡೆ ಅಡ್ಡ ಇದ್ರೆ ಹತ್ತಿರದ ಟವರ್ ಬಿಟ್ಟು ಹೊಳೆ ಆಚೆಗಿನದು ಹಿಡಿದರೂ ಹಿಡಿಯಿತು. ಆ ಗುಡ್ಡಗಳನ್ನ ನೋಡದೇ ಇರೋರಿಗೆ ಹೇಳ್ತೀನಿ, ಅದು ಮಲೆನಾಡಿನ ಕಾಡಲ್ಲ. ಮನೆ ಗಾತ್ರದ ಗುಂಡುಗಲ್ಲು ಒಂದರ ಮೇಲೊಂದು ಪೇರಿಸಿಟ್ಟಂಗೆ ಇರೋ ಜಾಗ. ಸಂದುಗೊಂದಿಗಳಲ್ಲಿ ಮುಳ್ಳುಕಂಟಿ. ಚಿರತೆ, ಕರಡಿ ಓಡಾಡತ್ತೆ. ಹತ್ತು ಹೆಜ್ಜೆ ಆಚೆ ಮನುಷ್ಯ ಮಲಗಿದ್ದರೂ ಕಾಣಲ್ಲ.

ಮೂರನೇ ದಿನವೇ ಅಲ್ಲಿ ಕುರಿ ಮೇಯಿಸೋ ಒಬ್ಬ ಅಜ್ಜ ನಮ್ಮ ಅಣ್ಣನಿಗೆ ಹೇಳಿದ್ದನಂತೆ: "ರಸ್ತಾದಾಗ ಏನ್ ಹುಡುಕ್ತೀರಿ ತಮ್ಮಾ, ಗುಡ್ಡದ ಹಿಂದ ಇಳಕಲು ಹಿಡದು ನೋಡ್ರಿ. ವಯಸ್ಸಾದವ್ರು, ಬುದ್ಧಿ ಇಲ್ಲದ್ದು, ಕಾಲು ಎಳದ ಕಡೆ ಹೋಗ್ತಾವು." ಅಣ್ಣ ಒಂದು ಮಧ್ಯಾಹ್ನ ನಾಲ್ಕು ಹುಡುಗರನ್ನ ಕರಕೊಂಡು ಹೋಗಿ, ಹೆಸರು ಕೂಗಿ ಬಂದ. ಉತ್ತರ ಬರಲಿಲ್ಲ. "ಆ ಕಡೆ ನೋಡಿ ಆತು" ಅಂದ್ವಿ. ಅಷ್ಟರಲ್ಲಿ ಏಜೆನ್ಸಿಯ ರಿಪೋರ್ಟ್ ಬಂತು. ಹನ್ನೊಂದು ಪುಟ, ನಕ್ಷೆಯ ಸ್ಕ್ರೀನ್‌ಶಾಟ್ ಸಮೇತ. ಹೊಸಪೇಟೆ ಬಸ್ಸಿನಲ್ಲಿ ಅಂಥ ಚಹರೆಯವರನ್ನ ನೋಡಿದೆ ಅಂತ ಯಾರೋ ಹೇಳಿದ್ದರಂತೆ. ಮೂರು ವಾರ ನಾವು ಹುಬ್ಬಳ್ಳಿ, ಸೋಲಾಪುರ, ಮಂತ್ರಾಲಯದ ಲಾಡ್ಜು, ಛತ್ರ, ಮಠ ಸುತ್ತಿದ್ವಿ.

ಇಪ್ಪತ್ತಾರನೇ ದಿನ ದೊಡ್ಡಪ್ಪ ಸಿಕ್ಕರು. ಕಾಯಿ ಅಂಗಡಿಯಿಂದ ಒಂದೂವರೆ ಕಿಲೋಮೀಟರು ಕೂಡ ಇಲ್ಲ. ಎರಡು ಬಂಡೆ ನಡುವೆ. ಕಂಡದ್ದು ಅದೇ ಅಜ್ಜನ ಕುರಿ ಹಿಂಡಿನ ನಾಯಿಗೆ. ಎಷ್ಟು ದಿನ ಜೀವ ಇತ್ತು ಅಂತ ಯಾರೂ ಖಚಿತವಾಗಿ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಆಮೇಲೆ, ಕೆಲಸಕ್ಕೆ ಬಾರದ ಹೊತ್ತಿನಲ್ಲಿ, ಕೂತು ಓದಿದೆ. ರಾಬರ್ಟ್ ಕೋಸ್ಟರ್ ಅನ್ನೋರು ಕಾಣೆಯಾದ ಸಾವಿರಾರು ಜನರ ಪ್ರಕರಣಗಳನ್ನ ಒಟ್ಟುಗೂಡಿಸಿ 2008ರಲ್ಲಿ ಒಂದು ಪುಸ್ತಕ ಮಾಡಿದ್ದಾರೆ. ಅದರ ಪ್ರಕಾರ ಮರೆವಿನ ಕಾಯಿಲೆಯವರು ನೇರ ನಡೀತಾ ಹೋಗಿ ಎಲ್ಲೋ ಪೊದೆಯಲ್ಲೋ ಹಳ್ಳದಲ್ಲೋ ಸಿಕ್ಕಿಹಾಕಿಕೊಳ್ತಾರೆ. ಹೆಸರು ಕೂಗಿದರೆ ಬಹಳ ಸಲ ಓಗೊಡೋದೇ ಇಲ್ಲ. ಅರ್ಧಕ್ಕೂ ಹೆಚ್ಚು ಜನ ಸಿಗೋದು ಕೊನೆಗೆ ಕಂಡ ಜಾಗದಿಂದ ಒಂದೆರಡು ಕಿಲೋಮೀಟರಿನ ಒಳಗೆ. ಕುರಿ ಕಾಯೋ ಅಜ್ಜ ಹೇಳಿದ್ದು ಇದನ್ನೇ ಅಲ್ವಾ? ಪುಸ್ತಕ ಓದದೇ.

"ನೋಡಿ ಆತು" ಅನ್ನೋ ಮಾತೂ ಹಾಗೆ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ನಲ್ಲಿ ಬಿತ್ತು. ಎರಡು ವರ್ಷ ಸಿಗಲಿಲ್ಲ. ಕೊನೆಗೆ ಸಂಭವನೀಯತೆಯ ಲೆಕ್ಕದವರು ಕೂತು, ಈಗಾಗಲೇ ಹುಡುಕಿ ಬಿಟ್ಟ ಜಾಗದಲ್ಲೂ ಇರಬಹುದು, ಬ್ಲಾಕ್ ಬಾಕ್ಸಿನ ಸದ್ದು ಕೆಟ್ಟಿದ್ದಿರಬಹುದು ಅಂತ ಲೆಕ್ಕ ತಿದ್ದಿದರು. ಹೊಸ ಹುಡುಕಾಟ ಶುರುವಾಗಿ ಸುಮಾರು ಒಂದೇ ವಾರಕ್ಕೆ, 2011ರ ಏಪ್ರಿಲ್‌ನಲ್ಲಿ ಸಿಕ್ಕಿತು. ಬೇಯ್ಸ್ ಪ್ರಮೇಯ ನಾನು ನಾಲ್ಕನೇ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿ ಬರೆದದ್ದು! ನನ್ನ ದೊಡ್ಡಪ್ಪನ ವಿಷಯಕ್ಕೆ ಅದು ನೆನಪಾಗಲಿಲ್ಲ. ಗೂಗಲ್ ಪೇ ನೆನಪಾಯ್ತು.

ಈಗ ಸರ್ಕಾರದ ವಿಷಯಕ್ಕೆ ಬರ್ತೀನಿ, ಇಷ್ಟು ಹೊತ್ತು ನನ್ನನ್ನ ನಾನೇ ಬೈಕೊಂಡಿದ್ದು ಸಾಕು. ವಯಸ್ಕನೊಬ್ಬ ಕಾಣೆಯಾಗೋದು ಕಾನೂನಿನ ಕಣ್ಣಲ್ಲಿ ಅಪರಾಧ ಅಲ್ಲ. ಮಕ್ಕಳದಾದರೆ 2013ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಕಡ್ಡಾಯ ಅಂತ ಹೇಳಿದೆ. ದೊಡ್ಡವರಿಗೆ? ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಿದ್ದಾರೆ ಅಂತ ಭಾವಿಸಬಹುದು, ಹಳೇ ಸಾಕ್ಷ್ಯ ಕಾಯ್ದೆಯ 108, ಈಗಿನ ಸಾಕ್ಷ್ಯ ಅಧಿನಿಯಮದ 111. ಏಳು ವರ್ಷದ ಬಗ್ಗೆ ಕಾನೂನಿದೆ, ಮೊದಲ ಏಳು ತಾಸಿನ ಬಗ್ಗೆ ಏನಿದೆ? 2005ರ ವಿಪತ್ತು ನಿರ್ವಹಣಾ ಕಾಯ್ದೆ ಹೇಳೋ ವಿಪತ್ತು, ಸಮುದಾಯದ ಕೈ ಮೀರಿದ ದೊಡ್ಡ ಅನಾಹುತ. ಒಬ್ಬ ಮುದುಕ ಅದರೊಳಗೆ ಬರಲ್ಲ. ಇಂಗ್ಲೆಂಡಿನಲ್ಲಿ ಪೊಲೀಸರು ಕರೆದರೆ ಸಾಕು, ಊರೂರಿನ ಬೆಟ್ಟ ರಕ್ಷಣಾ ತಂಡದ ಸ್ವಯಂಸೇವಕರು ಬಿಟ್ಟಿ ಓಡಿ ಬರ್ತಾರೆ. ನಮ್ಮಲ್ಲಿ ಬರೋದು ಯಾರ ಕೂಗು ಜೋರೋ ಅವರಿಗೆ.

ಶಿರೂರು ನೆನಪಿದೆ ತಾನೆ? 2024ರ ಜುಲೈ 16, ಅಂಕೋಲಾ ತಾಲೂಕಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿತ್ತು. ಕೇರಳದ ಲಾರಿ ಚಾಲಕನೊಬ್ಬ ಕಾಣೆಯಾದ. ಅಲ್ಲಿನ ಜನ, ಅಲ್ಲಿನ ಟಿವಿ, ಅಲ್ಲಿನ ಸರ್ಕಾರ ಎಲ್ಲ ಒಂದೇ ದನಿಯಲ್ಲಿ ಕೂಗಿದರು. ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಬಂದರು, ಈಶ್ವರ ಮಲ್ಪೆ ನೀರಿಗಿಳಿದರು, ಗೋವಾದಿಂದ ಡ್ರೆಜ್ಜರ್ ಬಂತು. ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆದ್ದಿತು, ಒಳಗೆ ಆತನ ದೇಹ ಇತ್ತು. ಅವರು ಕೂಗಿದ್ದು ತಪ್ಪು ಅಂತ ನಾನು ಸತ್ತರೂ ಹೇಳಲ್ಲ, ಹಾಗೇ ಕೂಗಬೇಕು. ಆದ್ರೆ ಅದೇ ಮಣ್ಣಿಗೆ ಸಿಕ್ಕ ನಮ್ಮದೇ ರಾಜ್ಯದ ಇಬ್ಬರು ಆ ದಿನವೂ ಸಿಕ್ಕಿರಲಿಲ್ಲ. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಅವರ ಮನೆಯವರಿಗೆ ಪತ್ತೇದಾರನನ್ನ ಹಿಡೀರಿ ಅಂತ ಹೇಳ್ತೀರಾ?

ಸಣಾಪುರದಲ್ಲಿ 2025ರ ಫೆಬ್ರವರಿಯಲ್ಲಿ ಹೈದರಾಬಾದಿನ ಪ್ರವಾಸಿ ವೈದ್ಯೆ ಹೊಳೆಯಲ್ಲಿ ಕೊಚ್ಚಿಹೋದಾಗ ಮಾರನೇ ದಿನವೇ ದೇಹ ಸಿಕ್ಕಿತು. ಅಂದ್ರೆ ನಮ್ಮ ಕಡೆ ನೀರು, ಬಂಡೆ ಬಲ್ಲ ಕೈಗಳಿಗೆ ಬರ ಇಲ್ಲ. ಹರಿಗೋಲಿನವರು, ಮೀನುಗಾರರು, ಈಜು ಬಲ್ಲವರು, ಕುರಿಗಾಹಿಗಳು ಇದ್ದಾರೆ. ಇಲ್ಲದ್ದು ಅವರ ಹೆಸರು, ಫೋನ್ ನಂಬರ್ ಬರೆದಿಟ್ಟ ಒಂದು ಪಟ್ಟಿ, ಹೋದ ದಿನಕ್ಕೆ ಕೂಲಿ, ಒಂದು ಟಾರ್ಚು, ಒಂದು ಹಗ್ಗ, ಬಿದ್ದರೆ ಒಂದು ವಿಮೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಒಂದೊಂದು ತಾಲೂಕಿಗೆ ಇಪ್ಪತ್ತು ಜನ ಸಾಕು. ನಾನು ಕೊಟ್ಟ 25 ಸಾವಿರದಲ್ಲಿ ಇಪ್ಪತ್ತು ಜನಕ್ಕೆ ಎರಡು ದಿನದ ಕೂಲಿ ಬರ್ತಿತ್ತು, ಲೆಕ್ಕ ಹಾಕಿದೀನಿ.

ಈ ಪಟ್ಟಿ ಮಾಡಿ ಅಂತ ಒಂದು ಅರ್ಜಿ ಬರೆದು ಜಿಲ್ಲಾಡಳಿತಕ್ಕೆ ಕಳಿಸಿದೀನಿ. ಉತ್ತರ ಬಂದರೆ ಇಲ್ಲೇ ಹಾಕ್ತೀನಿ. ಅಷ್ಟರಲ್ಲಿ ಗೆಳೆಯರೆ, ನಿಮ್ಮೂರ ಗುಡ್ಡದಲ್ಲಿ, ಕಾಡಲ್ಲಿ, ಹೊಳೆಯಲ್ಲಿ ಯಾರಾದ್ರೂ ಕಾಣೆಯಾದರೆ ಮೊದಲು ಯಾರ ಮನೆ ಬಾಗಿಲು ಬಡೀತಾರೆ? ವಿಚಾರಿಸಿ, ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೀರಿ. ನಾನು ಆ ಅಜ್ಜನ ನಂಬರ್ ತಗೊಂಡಿದೀನಿ. ಫೋನು ಅವನದಲ್ಲ, ಮೊಮ್ಮಗನದು, ಸಂಜೆ ಏಳರ ಮೇಲೆ ಸಿಗತ್ತೆ.