ನಮ್ಮ ಮಕ್ಕಳನ್ನು ಮನೆಯಲ್ಲೇ ಓದಿಸೋಣವೇ?

ಬರಹ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಮೊನ್ನೆ ಜನವರಿ 3ರಂದು ಹಾಸನದಲ್ಲಿ ನಾವೊಂದಷ್ಟು ಜನ ಸೇರಿ ಸಾವಿತ್ರಿಬಾಯಿ ಫುಲೆ ಜಯಂತಿ ಮಾಡಿದೆವು. ಕೊನೆಯಲ್ಲಿ ಯುವ ಸಂಗಾತಿಯೊಬ್ಬರು ಎದ್ದು, "ಈ ಶಾಲೆಗಳಲ್ಲಿ ನಮ್ಮ ಮಕ್ಕಳಿಗೆ ಸಿಗೋದು ಅವಮಾನ ಮಾತ್ರ. ಸಾಕು. ಹೋಮ್‌ಸ್ಕೂಲಿಂಗ್ ಅಂತ ಇದೆ, ನಮ್ಮ ಮಕ್ಕಳನ್ನು ನಾವೇ ಮನೆಯಲ್ಲಿ ಓದಿಸೋಣ" ಅಂದರು. ಜೋರು ಚಪ್ಪಾಳೆ ಬಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ನಮ್ಮ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅವತ್ತು ರಾತ್ರಿ ಊಟ ಸೇರಲಿಲ್ಲವೋ. ಆದರೂ ನಾನು ಚಪ್ಪಾಳೆ ತಟ್ಟಲಿಲ್ಲ. ಯಾಕೆ ಅಂತ ಹೇಳೋಕೆ ಅವತ್ತು ಹೊತ್ತಿರಲಿಲ್ಲ.

ನನ್ನ ತಂಗಿಯ ಮನೆಯಲ್ಲಿ ಮೂರು ತಿಂಗಳಿಂದ ನಡೀತಿರೋದು ಇದೇ ಹೋಮ್‌ಸ್ಕೂಲಿಂಗ್. ಅವಳನ್ನು ಕೇಳಿಯೇ ಬರೀತಿದ್ದೀನಿ. ಶಾಲೆಯ ಹೆಸರು ಬೇಡ ಅಂದಿದ್ದಾಳೆ, ಬರೆಯಲ್ಲ.

ಮಗಳು ಐದನೇ ಕ್ಲಾಸು. ಸ್ಕಾಲರ್‌ಶಿಪ್ ಅರ್ಜಿ ತುಂಬೋ ದಿನ ತರಗತಿಯಲ್ಲಿ ಟೀಚರು "ಎಸ್‌ಸಿ ಮಕ್ಕಳೆಲ್ಲ ಎದ್ದು ನಿಂತ್ಕೊಳ್ಳಿ" ಅಂದರು. ಮೂವರು ನಿಂತರು. ಮಾರನೇ ದಿನದಿಂದ ಮಗುವಿನ ಹೆಸರು ಹೋಗಿ "ಸ್ಕಾಲರ್‌ಶಿಪ್" ಅಂತ ಕರೆಯೋದು ಶುರುವಾಯ್ತು. ಪಕ್ಕ ಕೂರುತ್ತಿದ್ದವಳು ಜಾಗ ಬದಲಿಸಿದಳು. ಮಗು ಡಬ್ಬಿಯನ್ನು ಹಾಗೇ ವಾಪಸು ತರೋಕೆ ಶುರು ಮಾಡಿತು. ತಂಗಿ ಹೋಗಿ ಕೇಳಿದ್ದಕ್ಕೆ ಬಂದ ಉತ್ತರ, "ಅದು ಫಾರ್ಮಾಲಿಟಿ ಮೇಡಂ, ಎಲ್ಲಾ ಕಡೆ ಹಾಗೇ." ದಸರಾ ರಜೆ ಮುಗಿದ ಮೇಲೆ ಮಗು ಹೋಗಲ್ಲ ಅಂತು. ಅಕ್ಕ ಹೋಗಲ್ಲ ಅಂದ ಮೇಲೆ ಎರಡನೇ ಕ್ಲಾಸಿನ ತಮ್ಮನೂ ಹೋಗಲ್ಲ ಅಂದ. ಇಬ್ಬರದೂ ಟಿಸಿ ತಂದಳು.

ಹೊಸ ವರ್ಷದ ಮೊದಲ ವಾರ ನಾಲ್ಕು ದಿನ ರಜೆ ಹಾಕಿ ನಾನು ಅವಳ ಮನೆಯಲ್ಲೇ ಇದ್ದೆ. ಹುಡುಗನಿಗೆ ಡಿಸೆಂಬರ್ ಮಧ್ಯದಲ್ಲಿ ಮಂಗನಬಾವು ಬಂದು ಹೋಗಿತ್ತು, ವರ್ಷದ ಕೊನೇ ದಿನ ಹುಡುಗಿಗೆ ಕಿವಿಯ ಕೆಳಗೆ ಊದಿಕೊಂಡಿತು. ತಂಗಿಯ ಗಂಡ ಬಸ್ ಕಂಡಕ್ಟರು, ರಾತ್ರಿ ರೂಟು. ಹಾಸನದ ಚಳಿ ಗೊತ್ತಲ್ಲ, ಬೆಳಗ್ಗೆ ಎಂಟಾದರೂ ಮಂಜು ಬಿಡಲ್ಲ. ಮಗುವಿಗೆ ಜ್ವರ, ಅಗಿಯೋಕಾಗಲ್ಲ, ಹುಳಿ ಬಾಯಿಗಿಟ್ಟರೆ ಕಣ್ಣೀರು. ಮೂರು ಹೊತ್ತೂ ರಾಗಿ ಗಂಜಿ. ಪಕ್ಕದ ಮನೆ ಅಜ್ಜಿ ಬಂದು ಕೊರಳಿಗೆ ಚಿನ್ನದ ಸರ ಹಾಕಿದ್ರೆ ಊತ ಇಳಿಯುತ್ತೆ ಅಂದಿತು. "ಚಿನ್ನ ಸೊಸೈಟಿಲಿ ಅಡ ಇದೆ ಅಜ್ಜಿ, ಊತಾನೂ ಅಲ್ಲಿಗೇ ಕಳಿಸ್ಬೇಕು" ಅಂದಳು ತಂಗಿ. ನೋವಿನಲ್ಲೂ ಮಗು ನಕ್ಕಿತು.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರ ನಮ್ಮ ಮಕ್ಕಳಿಗೆ ಹಾಕೋದು ಎಂಆರ್ ಲಸಿಕೆ, ಅಂದರೆ ದಡಾರ ಮತ್ತು ರುಬೆಲ್ಲಾಕ್ಕೆ. ಮಂಗನಬಾವೂ ಸೇರಿದ ಎಂಎಂಆರ್ ಬೇಕು ಅಂದರೆ ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಸರ್ಕಾರದ ಪಟ್ಟಿ ನಂಬಿಕೊಂಡ ಮನೆಯ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ತಾನೇ ವಾಸಿಯಾಗುವ ಕಾಯಿಲೆ, ಒಪ್ಪಿದೆ. ಆದರೂ ಪಟ್ಟಿಯಲ್ಲಿ ಯಾರ ಮಕ್ಕಳಿಗೆ ಏನು ಬಿಟ್ಟುಹೋಗುತ್ತೆ ಅಂತ ಕೇಳೋದು ನಮ್ಮ ಕೆಲಸವೇ.

ಪಾಠದ ವಿಷಯಕ್ಕೆ ಬರ್ತೀನಿ. ಗೋಡೆಯ ಮೇಲೆ ತಂಗಿ ಕೈಯಾರೆ ಬರೆದ ವೇಳಾಪಟ್ಟಿ ಇದೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಕನ್ನಡ, ಹನ್ನೊಂದಕ್ಕೆ ಇಂಗ್ಲಿಷ್. ಅವಳು ಬಿಎ ಬಿಎಡ್, ಪಾಠ ಚೆನ್ನಾಗಿ ಮಾಡ್ತಾಳೆ. ರೊಟ್ಟಿ ಮುರಿದು ಭಿನ್ನರಾಶಿ ಹೇಳಿಕೊಟ್ಟದ್ದನ್ನು ನಾನೇ ನೋಡಿದೆ. ಎರಡನೇ ಕ್ಲಾಸಿನಲ್ಲಿ ಒತ್ತಕ್ಷರ ಕಂಡರೆ ಹೆದರುತ್ತಿದ್ದ ಹುಡುಗ ಈಗ ದಿನಪತ್ರಿಕೆಯ ತಲೆಬರಹ ತಾನೇ ಓದ್ತಾನೆ. ಹುಡುಗಿ ಹೊಟ್ಟೆ ತುಂಬ ಉಣ್ಣುತ್ತೆ, ರಾತ್ರಿ ಬೆಚ್ಚಿ ಬೀಳೋದು ನಿಂತಿದೆ. ಇದನ್ನು ಕಡಿಮೆ ಮಾಡಿ ಹೇಳೋಕೆ ನನಗೆ ಬಾಯಿ ಬರಲ್ಲ.

ಆದರೆ ಆ ವೇಳಾಪಟ್ಟಿ ನಾನಿದ್ದ ನಾಲ್ಕು ದಿನದಲ್ಲಿ ಒಂದು ದಿನವೂ ಮಧ್ಯಾಹ್ನದವರೆಗೆ ಬದುಕಲಿಲ್ಲ. ಒಂಬತ್ತೂವರೆಗೆ ನಲ್ಲಿ ನೀರು ಬರುತ್ತೆ. ಒಂದು ದಿನ ರೇಷನ್ ಅಂಗಡಿ ಸಾಲು, ಒಂದು ದಿನ ಆಸ್ಪತ್ರೆ ಚೀಟಿ ಸಾಲು. ಅವಳು ಹೊರಗುತ್ತಿಗೆಯಲ್ಲಿ ಡೇಟಾ ಎಂಟ್ರಿ ಕೆಲಸ ಮಾಡ್ತಿದ್ದಳು. ಅಕ್ಟೋಬರ್‌ನಲ್ಲಿ ಅದನ್ನು ಬಿಟ್ಟಳು. ನಮ್ಮ ಕುಟುಂಬದಲ್ಲಿ ತಿಂಗಳ ಕೊನೆಗೆ ಬ್ಯಾಂಕಿನಿಂದ ಸಂಬಳ ತಂದ ಎರಡನೇ ಹೆಣ್ಣು ಅವಳು. "ನಾವೇ ಓದಿಸೋಣ" ಅಂತ ಗಂಡಸರು ಮೈಕಿನಲ್ಲಿ ಹೇಳುವಾಗ ಆ "ನಾವು" ಯಾರು? ಕೆಲಸ ಬಿಡೋದು ಯಾರು? ಚಪ್ಪಾಳೆ ತಟ್ಟಿದ ಅಣ್ಣಂದಿರು ಇದಕ್ಕೂ ಉತ್ತರ ಕೊಡಬೇಕು.

ಬೆಂಗಳೂರಿನಲ್ಲಿ ಹೋಮ್‌ಸ್ಕೂಲಿಂಗ್ ಮಾಡೋ ಮನೆಗಳ ಮಾತೇ ಬೇರೆ. ಅಲ್ಲಿ ತಾತ ಹೆಡ್‌ಮಾಸ್ಟರು, ಅಜ್ಜಿ ಸಂಗೀತ, ಅಪ್ಪನಿಗೆ ಮನೆಯಿಂದಲೇ ಕೆಲಸ, ಒಂದು ಕೋಣೆ ತುಂಬ ಪುಸ್ತಕ. ಶಾಲೆ ಅವರಿಗೆ ಬೇಸರವಾಗಿದೆ, ಬಿಟ್ಟಿದ್ದಾರೆ. ನಾಳೆ ಬೇಕು ಅಂದರೆ ಬಾಗಿಲು ತೆರೆದೇ ಇರುತ್ತೆ. ನಮ್ಮ ಅವ್ವ ಹೆಬ್ಬೆಟ್ಟು. ಮನೆಯೇ ಶಾಲೆಯಾದರೆ ನಮ್ಮ ಕೇರಿಯಲ್ಲಿ ಏನಾಗುತ್ತೆ ಅನ್ನೋದನ್ನು ನಾವು ಈಗಾಗಲೇ ನೋಡಿಯೂ ಆಗಿದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ಒಂದೂವರೆ ವರ್ಷ ನಮ್ಮೂರ ಕೇರಿಯಲ್ಲಿ ಮೂರು ಮನೆಗೊಂದು ಫೋನು. ಶುಂಠಿ ಹೊಲಕ್ಕೆ ಹೋದ ಮಕ್ಕಳಲ್ಲಿ ಕೆಲವರು ತಿರುಗಿ ಬರಲೇ ಇಲ್ಲ.

ಆ ವಾರ ಗಣಿತ ಬಿಟ್ಟು ಓದೇ ಜಾಸ್ತಿ ನಡೆಯಿತು. ಮಲಗಿದ ಮಗುವಿಗೆ ತಂಗಿ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'ದ ಮೊದಲ ಭಾಗವನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. 1901ರಲ್ಲಿ ಒಂಬತ್ತು ವರ್ಷದ ಭೀಮ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರದಿಂದ ಅಪ್ಪನನ್ನು ನೋಡೋಕೆ ರೈಲಿನಲ್ಲಿ ಹೊರಟದ್ದು, ಮಸೂರು ಸ್ಟೇಷನ್ನಿನಲ್ಲಿ ಜಾತಿ ಹೇಳಿದ ಕೂಡಲೇ ಸ್ಟೇಷನ್ ಮಾಸ್ಟರ ಮುಖ ಬದಲಾದದ್ದು, ಎರಡರಷ್ಟು ಬಾಡಿಗೆ ಕೊಟ್ಟು ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋದದ್ದು, ಜೊತೆಯಲ್ಲಿ ಊಟ ಇದ್ದರೂ ಕುಡಿಯೋಕೆ ನೀರು ಸಿಗದೆ ಹಸಿದು ಮಲಗಿದ್ದು. ಆ ಊರು ಕೋರೇಗಾಂವ್ ಅಂದಾಗ ಹುಡುಗ ಥಟ್ಟಂತ, "ಯುದ್ಧ ಆಗಿದ್ದಲ್ವಾ?" ಅಂದ. ಜನವರಿ 1ರಂದು ಅಪ್ಪ ಹೇಳಿಕೊಟ್ಟಿದ್ದ. ಅದು ಪುಣೆ ಜಿಲ್ಲೆಯ ಭೀಮಾ ನದಿ ದಂಡೆಯ ಕೋರೇಗಾಂವ್, ಇದು ಸಾತಾರ ಜಿಲ್ಲೆಯದು ಅಂತ ನಾನು ಗೋಡೆಯ ನಕ್ಷೆಯಲ್ಲಿ ತೋರಿಸಿದೆ. ಇಂಥ ಪಾಠ ನನಗೆ ಯಾವ ಶಾಲೆಯಲ್ಲೂ ಸಿಗಲಿಲ್ಲ ಕಣ್ರೀ.

ಆಮೇಲೆ ಶಾಲೆಯ ಭಾಗ ಬಂತು. ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರೋದು, ಜವಾನ ಬಂದು ನೀರು ಬಿಟ್ಟರೆ ಮಾತ್ರ ಕುಡಿಯೋದು, ಜವಾನ ಇಲ್ಲದ ದಿನ ನೀರೂ ಇಲ್ಲ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಊದಿದ ಗಲ್ಲದಲ್ಲೇ ಕೇಳಿದಳು: "ದೊಡ್ಡಮ್ಮ, ಅವರಪ್ಪ ಯಾಕೆ ಶಾಲೆ ಬಿಡಿಸಲಿಲ್ಲ?"

ತಂಗಿ ಗಂಜಿ ಬಿಸಿ ಮಾಡೋಕೆ ಎದ್ದು ಹೋದಳು.

ರಾಮಜಿ ಸಕ್ಪಾಲರು ಮಗನಿಗೆ ಮನೆಯಲ್ಲಿ ಪಾಠ ಹೇಳದೆ ಇದ್ದವರಲ್ಲ. ಮುಂಬಯಿಯ ಪರೇಲಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ. ತಾವು ರಾತ್ರಿ ಎರಡರವರೆಗೆ ಎದ್ದಿದ್ದು, ಆಮೇಲೆ ಮಗನನ್ನು ಓದೋಕೆ ಎಬ್ಬಿಸಿ ತಾವು ಮಲಗುತ್ತಿದ್ದರು. ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಸಾಲ ಕೇಳುತ್ತಿದ್ದರು. ಮನೆಪಾಠ ಅಂದರೆ ಅದು. ಆದರೆ ಬೆಳಗಾದರೆ ಮಗ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಇರುತ್ತಿದ್ದ, 1907ರಲ್ಲಿ ಮೆಟ್ರಿಕ್ ಪಾಸಾದ. ಸಾವಿತ್ರಿಬಾಯಿ ಕೂಡ ಅಕ್ಷರ ಕಲಿತದ್ದು ಮನೆಯಲ್ಲೇ, ಗಂಡ ಜೋತಿಬಾ ಕಲಿಸಿದ್ದು. ಕಲಿತವರು ಮನೆಯಲ್ಲೇ ಉಳಿದರಾ? 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಆ ದಂಪತಿಯ ಶಾಲೆಯಲ್ಲಿ ಓದಿದ ಮಾಂಗ್ ಸಮುದಾಯದ ಹುಡುಗಿ ಮುಕ್ತಾ ಸಾಳವೆ 14ನೇ ವಯಸ್ಸಿಗೆ ತನ್ನ ಜನರ ಸಂಕಟದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಮಂಗಳೂರಿನಲ್ಲೇ ಕುದ್ಮುಲ್ ರಂಗರಾಯರು 1892ರಲ್ಲಿ ನಮ್ಮವರಿಗಾಗಿ ಶಾಲೆ ಶುರು ಮಾಡಿ, ತಮ್ಮ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. ಇಷ್ಟೆಲ್ಲ ಮಾಡಿ ತೆರೆಸಿದ ಬಾಗಿಲು ಅದು.

ಇಷ್ಟು ಹೇಳಿದರೆ ಕೆಲವರು ಕೇಳ್ತೀರಿ: "ಹಾಗಾದ್ರೆ ಹತ್ತು ವರ್ಷದ ಮಗುವನ್ನು ಚಳವಳಿಗೆ ಸೈನಿಕಳಾಗಿ ಕಳಿಸಬೇಕಾ?" ಬೇಡ. ಮಗು ಡಬ್ಬಿ ವಾಪಸು ತರ್ತಿದೆ ಅಂದರೆ ಆ ಶಾಲೆ ಬಿಡಿಸಿ, ತಡ ಮಾಡಬೇಡಿ. ನನ್ನ ತಂಗಿ ಮಾಡಿದ್ದರಲ್ಲಿ ಒಂದು ಎಳ್ಳಿನಷ್ಟೂ ತಪ್ಪು ನನಗೆ ಕಾಣಲ್ಲ. ನನ್ನ ತಕರಾರು ಇರೋದು ಇದನ್ನು "ಆಯ್ಕೆ" ಅಂತ ಕರೆಯೋದರ ಮೇಲೆ, ದಾರಿ ಅಂತ ವೇದಿಕೆಯಲ್ಲಿ ಸಾರೋದರ ಮೇಲೆ.

ನಾನು ಇಪ್ಪತ್ತು ವರ್ಷದಿಂದ ಕಡತ ನೋಡೋ ಗುಮಾಸ್ತೆ. ತಂಗಿ ಮನೆಯಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಆ ಟಿಸಿಗಳ ಮೇಲೆ. ಶಾಲೆ ಬಿಡಲು ಕಾರಣ ಅನ್ನೋ ಕಾಲಂನಲ್ಲಿ ಬರೆದಿದ್ದಾರೆ: "ಪೋಷಕರ ಕೋರಿಕೆಯ ಮೇರೆಗೆ." ಎದ್ದು ನಿಲ್ಲಿಸಿದ್ದು, ಹೆಸರು ಬದಲಾಗಿದ್ದು, ವಾಪಸು ಬಂದ ಡಬ್ಬಿ, ಎಲ್ಲಾ ಆ ಮೂರು ಪದದಲ್ಲಿ ಮುಗಿದುಹೋಯಿತು. ಶಾಲೆಗೆ ಕಪ್ಪುಚುಕ್ಕೆ ಇಲ್ಲ, ಇಲಾಖೆಗೆ ಪ್ರಶ್ನೆ ಇಲ್ಲ. ಓಡಿಸಿದವರು ಅವರು, ಕೋರಿಕೊಂಡವರು ನಾವು! ನಾಳೆ ನಾವು ನೂರು ಮನೆಯವರು ಹೀಗೆ ಮಕ್ಕಳನ್ನು ಕರೆದುಕೊಂಡು ಬಂದರೆ ನೂರು ಟಿಸಿಯಲ್ಲೂ ಇದೇ ಬರೆದಿರುತ್ತೆ. ಯಾರಿಗೆ ಅನುಕೂಲ ಹೇಳಿ.

ಇನ್ನೊಂದನ್ನೂ ಗಮನಿಸಿದೆ. ಅಷ್ಟು ದಿನ ಜ್ವರದಲ್ಲಿ ಮಲಗಿದ ಮಗುವನ್ನು ಕೇಳಿಕೊಂಡು ಅವಳ ವಯಸ್ಸಿನವರು ಒಬ್ಬರೂ ಬರಲಿಲ್ಲ. ನಾವು ಚಿಕ್ಕವರಿದ್ದಾಗ ಮೂರು ದಿನ ಶಾಲೆಗೆ ಹೋಗದಿದ್ದರೆ ಮೇಷ್ಟ್ರು ಯಾರನ್ನಾದರೂ ಮನೆಗೆ ಓಡಿಸುತ್ತಿದ್ದರು. ಗೈರುಹಾಜರಿ ಹಾಕೋಕೂ ಹೆಸರು ಒಂದು ಪುಸ್ತಕದಲ್ಲಿ ಇರಬೇಕಲ್ಲ. ಈ ಮಗುವಿನ ಹೆಸರು ಈಗ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಸ್ಕಾಲರ್‌ಶಿಪ್ಪೂ ಇಲ್ಲ, ಯಾವ ಹೆಸರಿಟ್ಟು ಅಣಕಿಸಿದರೋ ಅದೂ ಹೋಯಿತು.

ಅದಕ್ಕೆ ಕಾನೂನಿನ ಎರಡು ಮಾತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಅದರ ಸೆಕ್ಷನ್ 17ರಲ್ಲಿ ಹೊಡೆಯೋದಷ್ಟೇ ಅಲ್ಲ, ಮಾನಸಿಕ ಕಿರುಕುಳವೂ ನಿಷಿದ್ಧ. ನಮ್ಮ ಮಕ್ಕಳ ಮೇಲೆ ತಾರತಮ್ಯ ಆಗದ ಹಾಗೆ ನೋಡಿಕೊಳ್ಳೋದು ಸರ್ಕಾರದ ಕರ್ತವ್ಯ ಅಂತ ಸೆಕ್ಷನ್ 8(ಸಿ) ಹೇಳುತ್ತೆ. ವರ್ಷದ ಮಧ್ಯದಲ್ಲಿ ಬಂದರೂ ಪ್ರವೇಶ ನಿರಾಕರಿಸುವಂತಿಲ್ಲ, ಅದು ಸೆಕ್ಷನ್ 15. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಸೆಕ್ಷನ್ 4. ಅಂದರೆ ಜೂನ್‌ವರೆಗೆ ಕಾಯಬೇಕಾಗಿಲ್ಲ. ದೂರು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕೊಡಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅದರಲ್ಲಿ ನಮ್ಮಂಥವರ ಪಾಲೂ ಇದೆ. ಏಪ್ರಿಲ್ 14ಕ್ಕೆ ಡಿಜೆ ಕಟ್ಟಿಸೋಕೆ ನಮ್ಮಲ್ಲಿ ಐವತ್ತು ಜನ ಓಡಾಡ್ತಾರೆ, ಎಸ್‌ಡಿಎಂಸಿ ಸಭೆಗೆ ಹೋಗೋಕೆ ಒಬ್ಬರೂ ಸಿಗಲ್ಲ. ಹೇಳಿದರೆ ಬೇಜಾರಾಗುತ್ತೆ, ಆದರೂ ಹೇಳ್ತೀನಿ.

ತಂಗಿ ಇನ್ನೂ ತೀರ್ಮಾನ ಮಾಡಿಲ್ಲ. ಮಗುವಿನ ಊತ ಪೂರ್ತಿ ಇಳಿದ ಮೇಲೆ ಮನೆ ಹತ್ತಿರದ ಸರ್ಕಾರಿ ಶಾಲೆ ನೋಡಿಬರೋಣ, ಮೊದಲ ದಿನ ಸಂಘಟನೆಯಿಂದ ಮೂವರು ಜೊತೆಗೆ ಬರ್ತೀವಿ ಅಂದಿದ್ದೀನಿ. ಸಂಜೆಯ ಓದು, ರೊಟ್ಟಿಯ ಗಣಿತ, ನಕ್ಷೆ ಮನೆಯಲ್ಲಿ ಮುಂದುವರಿಯಲಿ. ಮಗುವನ್ನೂ ಕೇಳಬೇಕು. ಅವಳು ಒಪ್ಪದೆ ಆಗಲ್ಲ.

ಹಾಸನ ಜಿಲ್ಲೆಯಲ್ಲಿ, ಅಕ್ಕಪಕ್ಕದ ಜಿಲ್ಲೆಗಳಲ್ಲಿ ಇದೇ ಕಾರಣಕ್ಕೆ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿಟ್ಟುಕೊಂಡಿರುವವರು ಇದ್ದರೆ ನನಗೆ ಟಿಸಿಯ ಫೋಟೋ ಕಳಿಸಿ. ಮಗುವಿನ ಹೆಸರನ್ನು ಬೆರಳಿಂದ ಮುಚ್ಚಿ, ಕಾರಣದ ಕಾಲಂ ಮಾತ್ರ ಸ್ಪಷ್ಟವಾಗಿ ಕಾಣಲಿ. ನಿಜವಾಗಿ ಏನಾಯಿತು ಅನ್ನೋದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ. ಬಿಇಒ ಕಚೇರಿಗೆ ಅರ್ಜಿ ನಾನೇ ಬರೆದುಕೊಡ್ತೀನಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಮಾತ್ರ ಯಾರೂ ವಾಪಸು ಬರಬೇಡಿ.

ಜೈಭೀಮ್. ಜೈ ಸಾವಿತ್ರಿ.