ಶಾಕ್ ಹೊಡೆದಾಗ ಚರ್ಮವನ್ನಷ್ಟೇ ನೋಡಬೇಡಿ

ಸೋಮನಾಥಪುರದ ಕೇಶವ ದೇವಾಲಯವನ್ನು ನೀವು ನೋಡಿರಬಹುದು. ಹೊಯ್ಸಳರ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಇಂದು ಅಲ್ಲಿ ನಿತ್ಯಪೂಜೆ ಇಲ್ಲ. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದೆಂಬುದು ಹಿರಿಯರ ಕಟ್ಟಳೆ. ಕಲ್ಲು ಅದೇ, ಆದರೆ ರೂಪ ಕೆಟ್ಟರೆ ವಿಗ್ರಹದ ಕೆಲಸ ಮುಗಿಯಿತು.

ನಮ್ಮ ದೇಹದ ಪ್ರೋಟೀನುಗಳೂ ಹಾಗೆಯೇ. ಉದ್ದನೆಯ ದಾರವೊಂದು ನಿರ್ದಿಷ್ಟವಾಗಿ ಮಡಿಚಿಕೊಂಡಂತೆ ಪ್ರತಿ ಪ್ರೋಟೀನಿಗೂ ಅದರದೇ ರೂಪವಿದೆ. ಆ ರೂಪ ಇರುವವರೆಗೆ ಮಾತ್ರ ಅದು ದುಡಿಯುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗವನ್ನು ಎಷ್ಟು ತಣ್ಣಗೆ ಮಾಡಿದರೂ ಮತ್ತೆ ನೀರಾಗುವುದಿಲ್ಲ, ಅಲ್ಲವೇ? ಶಾಖ ಅದರ ಪ್ರೋಟೀನಿನ ರೂಪ ಕೆಡಿಸಿದೆ. ಇದೇ ಕೆಲಸವನ್ನು ವಿದ್ಯುತ್ತೂ ಮಾಡಬಲ್ಲದು.

ಹಾಗೆಂದು ವಿದ್ಯುತ್ತು ದೇಹಕ್ಕೆ ಹೊಸದಲ್ಲ. ಜೀವಕೋಶದ ಪೊರೆಯ ಆಚೀಚೆ ಸುಮಾರು 70 ಮಿಲಿವೋಲ್ಟ್ ಅಂತರ ಸದಾ ಇರುತ್ತದೆ. ಪೊರೆ ಅತಿ ತೆಳು. ಆದ್ದರಿಂದ ಮೀಟರಿಗೆ ಲೆಕ್ಕ ಹಾಕಿದರೆ ಅದು ಕೋಟಿ ವೋಲ್ಟಿಗೂ ಹೆಚ್ಚಿನ ಕ್ಷೇತ್ರ! ಪೊರೆಯಲ್ಲಿರುವ ಕೆಲವು ಪ್ರೋಟೀನುಗಳು ಈ ಅಂತರ ಬದಲಾದೊಡನೆ ತಮ್ಮ ರೂಪ ಬದಲಿಸಿ, ಬಾಗಿಲಿನಂತೆ ತೆರೆದು ಮುಚ್ಚಿಕೊಳ್ಳುತ್ತವೆ. ನಿಮ್ಮ ಹೃದಯ ಬಡಿಯುವುದು, ಬೆರಳು ಮಡಿಸುವುದು ಇದರಿಂದಲೇ.

ತೊಂದರೆ ಬರುವುದು ಹೊರಗಿನ ಕರೆಂಟು ಒಳನುಗ್ಗಿದಾಗ. ಗದ್ದೆಯಿಂದ ಬಂದವರು ಒದ್ದೆ ಕಾಲಿನಲ್ಲೇ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದರೆಂದು ಇಟ್ಟುಕೊಳ್ಳಿ. ಸ್ನಾಯುಗಳು ಬಿಗಿಯುತ್ತವೆ, ಕರೆಂಟು 'ಹಿಡಿದುಕೊಂಡಿತು' ಎನ್ನುತ್ತೇವೆ. ಹೃದಯದ ಲಯ ತಪ್ಪಿ, ಅದು ಬಡಿಯದೆ ಬರಿದೇ ಅದುರಬಹುದು. 11,000 ವೋಲ್ಟಿನ ತಂತಿಯಾದರಂತೂ ಉದ್ದನೆಯ ಸ್ನಾಯುಕೋಶಗಳ ಪೊರೆಯಲ್ಲಿ ತೂತು ಬೀಳುತ್ತದೆ. ಶಾಖ ಮತ್ತು ವಿದ್ಯುತ್ ಕ್ಷೇತ್ರ ಎರಡೂ ಸೇರಿ ಪ್ರೋಟೀನುಗಳ ರೂಪ ಕೆಡಿಸುತ್ತವೆ. ಹೊರಗೆ ನಾಣ್ಯದಷ್ಟು ಸುಟ್ಟ ಗುರುತು, ಒಳಗೆ ಮೂಳೆಯ ಪಕ್ಕದ ಮಾಂಸವೇ ಬೆಂದಿರಬಹುದು. ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಆಗ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ಆದ್ದರಿಂದ ನನ್ನ ಮೊದಲ ಮಾತು: ಗಾಯ ಚಿಕ್ಕದೆಂದು ಮುಲಾಮು ಹಚ್ಚಿ ಮಲಗಿಸಬೇಡಿ. ಪ್ರಜ್ಞೆ ತಪ್ಪಿದ್ದರೆ, ಕೈ ಬಿಡಿಸಿಕೊಳ್ಳಲಾಗದಿದ್ದರೆ, ಎದೆ ಡವಗುಟ್ಟಿದರೆ, ಸುಟ್ಟ ಗುರುತಿದ್ದರೆ, ಮೂತ್ರದ ಬಣ್ಣ ಕೆಟ್ಟರೆ, ಗರ್ಭಿಣಿಯಾಗಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 11,000 ವೋಲ್ಟಿನ ತಂತಿ ತಗುಲಿದ್ದರೆ ಯಾವ ಲಕ್ಷಣಕ್ಕೂ ಕಾಯಬೇಡಿ. ಮಣ್ಣಿನಲ್ಲಿ ಹೂತರೆ ಕರೆಂಟು ಇಳಿಯುತ್ತದೆಂಬ ನಂಬಿಕೆ ಕೆಲವೆಡೆ ಇದೆ. ಇಳಿಯುವುದಕ್ಕೆ ದೇಹದಲ್ಲಿ ಕರೆಂಟು ಉಳಿದಿರುವುದೇ ಇಲ್ಲ, ಅಮೂಲ್ಯ ನಿಮಿಷಗಳು ಮಾತ್ರ ಕಳೆಯುತ್ತವೆ. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲಷ್ಟೇ ಮುಟ್ಟಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನು ಮಾಡಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ. ಕಡಿದು ಬಿದ್ದ ಲೈನಿನ ತಂತಿಯ ಹತ್ತಿರ ಮಾತ್ರ ಒಣಕೋಲು ಹಿಡಿದೂ ಹೋಗಬೇಡಿ, 1912ಕ್ಕೆ ತಿಳಿಸಿ.

ಹೊಲದ ಮೇಲೆ ಹಾದ ಹೈಟೆನ್ಷನ್ ತಂತಿಯ ಕೆಳಗೆ ನಡೆದರೆ ಪ್ರೋಟೀನು ಕೆಡುತ್ತದೆಯೇ? ಇಲ್ಲ. ಗಾಳಿಯಲ್ಲಿನ ಆ ಕ್ಷೇತ್ರ ದೇಹದೊಳಗೆ ಬರುವಾಗ ಲಕ್ಷಾಂತರ ಪಟ್ಟು ಕುಗ್ಗಿರುತ್ತದೆ. ನಾವು ದೂರದ ತಂತಿಗೆ ಹೆದರುತ್ತೇವೆ, ಕೈಯಲ್ಲೇ ಹಿಡಿಯುವ ತೇಪೆ ಹಾಕಿದ ವೈರಿಗೆ ಹೆದರುವುದಿಲ್ಲ. ಇದೇ ವಿಪರ್ಯಾಸ.

ಎರಡನೆಯ ಮಾತು ಖರ್ಚಿನದು. ಗೊಬ್ಬರಕ್ಕೆ, ಬೀಜಕ್ಕೆ ಸಾಲ ಮಾಡಿಯಾದರೂ ಹಣ ಹೊಂದಿಸುವ ನಾವು ಮೋಟಾರಿಗೆ ಸರಿಯಾದ ಅರ್ಥಿಂಗ್ ಮಾಡಿಸಲು ಹಿಂದೆಮುಂದೆ ನೋಡುತ್ತೇವೆ. ಮನೆಗೆ ಇ.ಎಲ್.ಸಿ.ಬಿ. ಹಾಕಿಸಿ, 30 ಮಿಲಿಆಂಪಿಯರಿನದಾದರೆ ಅಷ್ಟು ಕರೆಂಟು ಸೋರಿದೊಡನೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಹಂದಿ ಕಾಟವೆಂದು ಬೇಲಿಗೆ ನೇರ ಕರೆಂಟು ಕೊಡುವುದಂತೂ ಅಪರಾಧ. ಅದನ್ನು ಮೊದಲು ಮುಟ್ಟುವುದು ಹಂದಿಯೇ ಆಗಿರಬೇಕಿಲ್ಲ, ನಿಮ್ಮ ಮನೆಯ ಮಗುವೂ ಆಗಬಹುದು.

ಒಮ್ಮೆ ಭಿನ್ನವಾದದ್ದನ್ನು ಮತ್ತೆ ಮೊದಲಿನಂತೆ ಮಾಡುವುದು ಶಿಲ್ಪಿಗೂ ಕಷ್ಟ, ವೈದ್ಯರಿಗೂ ಕಷ್ಟ. ಭಿನ್ನವಾಗದಂತೆ ಕಾಯುವುದು ಮಾತ್ರ ನಮ್ಮ ಕೈಯಲ್ಲಿದೆ.