ಮೊದಲ ಮರೆವನ್ನು ಕಂಡವರು ಯಾರು?

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಕೇಳದ ಮನೆ ನಮ್ಮ ಸೀಮೆಯಲ್ಲಿ ಇರಲಾರದು. ಹಿರಿಯರೊಬ್ಬರು ಸಾರಿಗೆ ಎರಡು ಸಲ ಉಪ್ಪು ಹಾಕಿದರೆ, ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ನಾಲ್ಕು ಸಲ ಎದ್ದು ನೋಡಿದರೆ, ಮನೆಯವರು ಈ ಗಾದೆಯನ್ನಾಡಿ ಸುಮ್ಮನಾಗುವುದುಂಟು. ಗಾದೆಯು ಮರೆವಿಗೆ ಕಾರಣವನ್ನು ಹೇಳಿದಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಅದು ಹೇಳುವುದು ವಯಸ್ಸನ್ನು ಮಾತ್ರ. ಒಂದು ಸಂಗತಿಗೆ ಹೆಸರಿಡುವುದು ಬೇರೆ, ಅದರ ಕಾರಣವನ್ನು ತಿಳಿಯುವುದು ಬೇರೆ. ಈ ಭೇದವು ಮನೆವಾರ್ತೆಗೂ ಎಷ್ಟು ಅವಶ್ಯವಾದುದೆಂಬುದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ಇದಕ್ಕೆ ನಿಮಿತ್ತವಾದದ್ದು ಗಂಗಾವತಿಯ ನಮ್ಮ ಪರಿಚಿತರ ಮನೆಯ ಸಂಗತಿ. ಆ ಮನೆಯ ತಾಯಿಗೆ ಈಗ ಅರವತ್ತೆರಡು ವರ್ಷ. ಆಕೆಯ ತಂದೆ ನಿಜಾಮರ ಆಳ್ವಿಕೆಯ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರಾದುದರಿಂದ ಆಕೆಗೆ ಉರ್ದು ತವರಿನಿಂದಲೇ ಬಂದಿತು. ತುಂಗಭದ್ರಾ ಕಾಲುವೆಯ ಆಶ್ರಯದಲ್ಲಿ ನೆಲಸಿದ ಕ್ಯಾಂಪುಗಳ ನೆರೆಹೊರೆಯಿಂದ ತೆಲುಗು ಬಂದಿತು. ಕನ್ನಡವಂತೂ ಮನೆಯ ಮಾತು. ಇಂತಹ ತಾಯಿಗೆ ಕಳೆದ ಒಂದೆರಡು ವರ್ಷಗಳಿಂದ ಮರೆವು ಹತ್ತಿದೆ. ಅದು ವೃದ್ಧಾಪ್ಯದ ಸಾಮಾನ್ಯ ಮರೆವಲ್ಲ, ಡಿಮೆನ್ಷಿಯಾ ಎಂಬ ರೋಗವೆಂದು ವೈದ್ಯರು ಹೇಳಿದ್ದಾರೆ. ಎರಡು ಭಾಷೆ ಬಲ್ಲವರಿಗೆ ಈ ರೋಗವು ನಾಲ್ಕು ವರ್ಷ ತಡವಾಗಿ ಬರುತ್ತದೆಂದು ಪತ್ರಿಕೆಯಲ್ಲಿ ಓದಿದ್ದ ಮಗನು ನಮ್ಮನ್ನು ಕಂಡಾಗ, “ನಮ್ಮವ್ವಗ ಮೂರು ಭಾಷಾ ಬರ್ತಾವ್ರೀ. ಹಂಗಾದ್ರ ಆ ಡಾಕ್ಟರು ಬರ್ದಿದ್ದು ಸುಳ್ಳೇನ್ರೀ?” ಎಂದು ಕೇಳಿದನು. ಅವನ ಧ್ವನಿಯಲ್ಲಿ ಕುತೂಹಲಕ್ಕಿಂತ ದುಃಖವೇ ಹೆಚ್ಚಾಗಿದ್ದಿತು. ಆಗ ನಾವು ಕೊಟ್ಟ ಉತ್ತರವು ನಮಗೇ ಅಪೂರ್ಣವೆನಿಸಿದುದರಿಂದ ಇಲ್ಲಿ ವಿಸ್ತರಿಸುತ್ತಿದ್ದೇವೆ.

ಮೊದಲು ಆ ಸಂಶೋಧನೆ ಏನೆಂಬುದನ್ನು ನೋಡೋಣ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಸುವರ್ಣಾ ಅಲ್ಲಾಡಿಯವರೂ ಅವರ ಸಂಗಡಿಗರೂ ಡಿಮೆನ್ಷಿಯಾ ರೋಗಿಗಳಾದ 648 ಮಂದಿಯ ವಿವರಗಳನ್ನು ಪರಿಶೀಲಿಸಿದರು. ಇವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರು. ಒಂದೇ ಭಾಷೆಯವರಲ್ಲಿ ರೋಗದ ಮೊದಲ ಚಿಹ್ನೆಯು ಸರಾಸರಿ 61.1ನೆಯ ವಯಸ್ಸಿನಲ್ಲಿಯೂ, ಹೆಚ್ಚು ಭಾಷೆಯವರಲ್ಲಿ 65.6ನೆಯ ವಯಸ್ಸಿನಲ್ಲಿಯೂ ಕಾಣಿಸಿಕೊಂಡಿದ್ದಿತು. ಅಂತರವು ನಾಲ್ಕೂವರೆ ವರ್ಷ. ಓದು ಬರೆಹ ಬಾರದವರಲ್ಲಿಯೂ ಇಂತಹ ಅಂತರವು ಕಂಡುಬಂದಿತು. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಇನ್ನೂ ಹೆಚ್ಚಿನ ಲಾಭವೇನೂ ತೋರಲಿಲ್ಲ. ಈ ಲೇಖನವು 2013ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ವಾರ್ತೆಯು ನಮ್ಮ ತಾಲ್ಲೂಕುಗಳಿಗೆ ದೂರದ್ದಲ್ಲ. ತಿರುಳ್ಗನ್ನಡದ ನಾಡನ್ನು ಎಣಿಸುವಾಗ ಕವಿರಾಜಮಾರ್ಗವು ಹೆಸರಿಸಿದ ಕೊಪಣನಗರವೇ ನಮ್ಮ ಕೊಪ್ಪಳ. ಆದರೂ ಇದೇ ಊರಿನ ಗವಿಮಠದ ಮತ್ತು ಪಾಲ್ಕಿಗುಂಡುವಿನ ಬಂಡೆಗಳ ಮೇಲೆ ಅಶೋಕನ ಶಾಸನಗಳು ಪ್ರಾಕೃತದಲ್ಲಿವೆ. 1948ರವರೆಗೆ ಈ ಪ್ರದೇಶವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುದರಿಂದ ಕಚೇರಿಯ ಮಾತು ಉರ್ದುವಾಗಿದ್ದಿತು. ಇಂದಿಗೂ ಗಂಗಾವತಿಯ ಪೇಟೆಯಲ್ಲಿ ಒಂದು ಗಂಟೆ ನಿಂತರೆ ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತುಗಳೆಲ್ಲ ಕಿವಿಗೆ ಬೀಳುತ್ತವೆ. ಹೀಗಿರಲು, ಭಾಷೆಯೇ ಔಷಧವೆಂದು ನಂಬುವುದು ನಮಗೆ ಬಲು ಸುಲಭ. ಸುಲಭವಾದುದರಿಂದಲೇ ಎಚ್ಚರಿಕೆ ಬೇಕು.

ಪ್ರಯೋಗವೆಂದರೇನೆಂಬುದನ್ನು ನಮ್ಮ ಒಕ್ಕಲಿಗರು ಚೆನ್ನಾಗಿ ಬಲ್ಲರು. ಯಲಬುರ್ಗಿಯ ರೈತನೊಬ್ಬನು ತನ್ನ ಎರೆಹೊಲದ ಅರ್ಧಕ್ಕೆ ತಿಪ್ಪೆಗೊಬ್ಬರ ಹಾಕಿ, ಉಳಿದರ್ಧಕ್ಕೆ ಹಾಕದೆ, ಎರಡರಲ್ಲಿಯೂ ಒಂದೇ ದಿನ ಒಂದೇ ಬೀಜದ ಜೋಳವನ್ನು ಬಿತ್ತುತ್ತಾನೆನ್ನೋಣ. ಸುಗ್ಗಿಯಲ್ಲಿ ಇಳುವರಿಯ ಅಂತರವನ್ನು ಕಂಡು ಅದು ಗೊಬ್ಬರದ ಗುಣವೆಂದು ಅವನು ಧೈರ್ಯವಾಗಿ ಹೇಳಬಹುದು. ಏಕೆಂದರೆ ಮಳೆ, ಮಣ್ಣು, ಬೀಜ ಎಲ್ಲವೂ ಸಮನಾಗಿದ್ದವು. ಅದೇ ರೈತನು ಗೊಬ್ಬರ ಕಂಡ ಗಂಗಾವತಿಯ ಕಾಲುವೆಯ ಹೊಲವನ್ನೂ, ಗೊಬ್ಬರ ಕಾಣದ ತನ್ನ ಒಣಭೂಮಿಯನ್ನೂ ಹೋಲಿಸಿ ಗೊಬ್ಬರವನ್ನು ಹೊಗಳಿದರೆ, ಮಕ್ಕಳೂ ನಕ್ಕಾರು.

ಮನುಷ್ಯರ ವಿಷಯದಲ್ಲಿ ಹೊಲವನ್ನು ಎರಡು ಭಾಗ ಮಾಡುವುದು ಸಾಧ್ಯವಿಲ್ಲ. ಚೀಟಿಯೆತ್ತಿ ಕೆಲವು ಶಿಶುಗಳಿಗೆ ಒಂದೇ ಭಾಷೆಯನ್ನೂ ಕೆಲವಕ್ಕೆ ಎರಡನ್ನೂ ಕಲಿಸಿ, ಅರವತ್ತು ವರ್ಷ ಕಾದು ನೋಡುವವರಾರು? ಆದಕಾರಣ ಸಂಶೋಧಕರು ಲೋಕವು ತಾನಾಗಿ ಮಾಡಿದ ವಿಭಾಗವನ್ನೇ ನೆಚ್ಚಬೇಕಾಗುತ್ತದೆ. 2007ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 184 ರೋಗಿಗಳಲ್ಲಿ ನಾಲ್ಕು ವರ್ಷಕ್ಕೂ ಮಿಗಿಲಾದ ಅಂತರವನ್ನು ಕಂಡಿದ್ದರು. ಆದರೆ ಅಲ್ಲಿನ ದ್ವಿಭಾಷಿಗಳಲ್ಲಿ ಹೆಚ್ಚಿನವರು ಹೊರದೇಶಗಳಿಂದ ಬಂದು ನೆಲಸಿದವರು. ಅವರ ಆಹಾರ, ಕಸುಬು, ಬಾಳು ಎಲ್ಲವೂ ಬೇರೆ. ಹೈದರಾಬಾದಿನ ದ್ವಿಭಾಷಿಗಳು ಅಲ್ಲಿಯವರೇ. ಓಣಿಯಲ್ಲಿ ಆಡುತ್ತ ಎರಡನೆಯ ಭಾಷೆ ಕಲಿತವರು. ಅಕ್ಷರಜ್ಞಾನವಿಲ್ಲದವರಲ್ಲಿಯೂ ಅಂತರ ಕಂಡುದರಿಂದ, ಇದು ಶಾಲೆಯ ಓದಿನ ಫಲವೆಂಬ ಸಂಶಯವೂ ಕಡಿಮೆಯಾಯಿತು. ಹೀಗೆ ಅಲ್ಲಿ ಲೋಕವು ಹೊಲವನ್ನು ಹೆಚ್ಚು ಸಮನಾಗಿ ಹಂಚಿದ್ದಿತು. ಪೂರ್ಣ ಸಮನಾಗಿ ಹಂಚಿದ್ದಿತೆಂದು ಮಾತ್ರ ಹೇಳಲಾಗದು.

ಇನ್ನು ಅಳತೆಯ ವಿಚಾರ. ರೋಗವು ಹುಟ್ಟಿದ ದಿನವನ್ನು ಯಾವ ಯಂತ್ರವೂ ಬರೆದಿಡುವುದಿಲ್ಲ. ಮೊದಲ ಚಿಹ್ನೆ ಯಾವಾಗ ಕಂಡಿತೆಂಬುದನ್ನು ವೈದ್ಯರು ಮನೆಯವರನ್ನೇ ಕೇಳಿ ತಿಳಿಯಬೇಕು. ಗಂಗಾವತಿಯ ಆ ಮನೆಯಲ್ಲಿ ನಾವು ಇದೇ ಪ್ರಶ್ನೆಯನ್ನು ಕೇಳಿದೆವು. ಕಳೆದ ಯುಗಾದಿಯಿಂದ ಎಂದು ಮಗ ಹೇಳಿದನು. ಅದಕ್ಕಿಂತ ಹಿಂದಿನ ಶ್ರಾವಣದಲ್ಲಿಯೇ ಅತ್ತೆಯವರು ಹೋಳಿಗೆಯ ಹೂರಣಕ್ಕೆ ಬೆಲ್ಲ ಹಾಕುವುದನ್ನು ಮರೆತಿದ್ದರೆಂದು ಸೊಸೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು, ಅದಕ್ಕೂ ಮೊದಲೇ ಅಜ್ಜಿ ಒಂದೇ ಕಥೆಯನ್ನು ಒಂದೇ ರಾತ್ರಿ ಎರಡು ಸಲ ಹೇಳುತ್ತಿದ್ದರೆಂದಳು. ಮೂವರೂ ಸುಳ್ಳು ಹೇಳಲಿಲ್ಲ. ಹತ್ತಿರವಿದ್ದವರು ಮೊದಲು ಕಂಡರು, ಅಷ್ಟೆ. ಕುಷ್ಟಗಿಯ ಹಳ್ಳಿಯಲ್ಲಿ ಒಬ್ಬಳೇ ಇರುವ ಮುದುಕಿಯ ಮರೆವು ಮತ್ತು ದಿನವೂ ಗಿರಾಕಿಗಳೊಡನೆ ಲೆಕ್ಕವಾಡುವ ವ್ಯಾಪಾರಿಯ ಮರೆವು ಒಂದೇ ದಿನ ಹುಟ್ಟಿದರೂ ಒಂದೇ ದಿನ ಕಾಣಿಸಲಾರವು.

ಈ ಕಾರಣದಿಂದಲೇ ಕೆಲವು ಸಂಶೋಧಕರು ಆರೋಗ್ಯವಂತರಾದ ಹಿರಿಯರನ್ನೇ ಆರಿಸಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಅಂತಹ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ದ್ವಿಭಾಷಿಗಳಿಗೆ ರೋಗ ಬರುವುದು ಕಡಿಮೆಯೆಂಬುದಕ್ಕೆ ಆಧಾರ ಕಾಣಲಿಲ್ಲವೆಂದು ಹೇಳಿತು. ರೋಗವು ಬರುವುದೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ಬಂದವರಲ್ಲಿ ಅದು ಯಾವಾಗ ಹೊರಗೆ ಕಂಡಿತೆಂಬುದು ಇನ್ನೊಂದು. ಇವೆರಡನ್ನೂ ಬೆರೆಸಿದರೆ ಗೊಂದಲವಾಗುತ್ತದೆ.

ತಡವಾಗಿ ಕಾಣುವುದಾದರೂ ಹೇಗೆ? ಇದಕ್ಕೆ ವಿಜ್ಞಾನಿಗಳು ಮಿದುಳಿನ ಮೀಸಲು ಶಕ್ತಿಯನ್ನು ಕಾರಣವಾಗಿ ಹೇಳುತ್ತಾರೆ. ನಮ್ಮ ಹಿರಿಯರ ಮನೆಗಳಲ್ಲಿದ್ದ ಹಗೇವನ್ನು ನೆನೆಸಿಕೊಳ್ಳಿರಿ. ಬರವು ಊರಿಗೆಲ್ಲ ಒಂದೇ. ಹಗೇವಿನಲ್ಲಿ ಜೋಳವಿದ್ದ ಮನೆಯಲ್ಲಿ ಮಾತ್ರ ಹಸಿವು ತಡವಾಗಿ ಕಾಣುತ್ತಿತ್ತು. 2012ರಲ್ಲಿ ಟೊರಾಂಟೋದ ಸಂಶೋಧಕರು, ಒಂದೇ ಮಟ್ಟದ ಮರೆವುಳ್ಳ ರೋಗಿಗಳ ಮಿದುಳಿನ ಚಿತ್ರಗಳನ್ನು ಹೋಲಿಸಿ, ದ್ವಿಭಾಷಿಗಳ ಮಿದುಳು ಹೆಚ್ಚು ಸವೆದಿದ್ದುದನ್ನು ಕಂಡರು. ಹೆಚ್ಚು ಸವೆದೂ ಅಷ್ಟೇ ಕೆಲಸ ಮಾಡುತ್ತಿದ್ದಿತೆಂದ ಮೇಲೆ ಎಲ್ಲಿಯೋ ಮೀಸಲು ಇದ್ದಿರಬೇಕು. 2016ರಲ್ಲಿ ಅಲ್ಲಾಡಿಯವರ ಬಳಗವು ಪಾರ್ಶ್ವವಾಯು ತಗುಲಿದ 608 ಮಂದಿಯನ್ನು ಪರೀಕ್ಷಿಸಿದಾಗ, ಬುದ್ಧಿಶಕ್ತಿ ಕುಂದದೆ ಉಳಿದವರು ದ್ವಿಭಾಷಿಗಳಲ್ಲಿ ನೂರಕ್ಕೆ 40.5, ಏಕಭಾಷಿಗಳಲ್ಲಿ 19.6 ಎಂದು ತಿಳಿದುಬಂದಿತು. ಬೇರೆ ಬೇರೆ ದಾರಿಗಳು ಒಂದೇ ಕಡೆಗೆ ತೋರಿದರೆ ನಂಬಿಕೆ ಹೆಚ್ಚುವುದು ನ್ಯಾಯವೇ. ಆದರೂ ಹಗೇವು ಇತ್ತೆಂದು ಹೇಳಿದ ಮಾತ್ರಕ್ಕೆ ಅದನ್ನು ತುಂಬಿದವರು ಯಾರೆಂಬುದು ತಿಳಿಯುವುದಿಲ್ಲ. ಮಿದುಳಿನ ಯಾವ ಭಾಗದಲ್ಲಿ, ಯಾವ ಬಗೆಯಲ್ಲಿ ಈ ಮೀಸಲು ಸೇರುತ್ತದೆಂಬುದನ್ನು ತೋರಿಸುವವರೆಗೆ, ಅದೂ ನಮ್ಮ ಗಾದೆಯಂತೆ ಅರ್ಧ ಹೆಸರು, ಅರ್ಧ ಕಾರಣ.

ಈಗ ಆ ಮಗನ ಪ್ರಶ್ನೆಗೆ ಬರೋಣ. ವೈದ್ಯರು ಬರೆದುದು ಸುಳ್ಳಲ್ಲ. ಆ 391 ದ್ವಿಭಾಷಿಗಳೂ ರೋಗಿಗಳೇ ಆಗಿದ್ದರೆಂಬುದನ್ನು ಮರೆಯಬಾರದು. ಸರಾಸರಿಯು ಗುಂಪಿನ ಮಾತು. ಅದರೊಳಗೆ ಬೇಗ ಬಿದ್ದವರೂ ತಡವಾಗಿ ಬಿದ್ದವರೂ ಕೂಡಿಯೇ ಇರುತ್ತಾರೆ. ಒಬ್ಬ ತಾಯಿಗೆ ರೋಗ ಬೇಗ ಬಂದುದರಿಂದ ಸಂಶೋಧನೆಯು ಬೀಳುವುದಿಲ್ಲ. ಸಂಶೋಧನೆಯಿಂದ ಆ ತಾಯಿಯ ತಪ್ಪೂ ಮನೆಯವರ ತಪ್ಪೂ ಸಿದ್ಧವಾಗುವುದಿಲ್ಲ. ಒಂದೇ ಭಾಷೆ ಬಲ್ಲ ಅಜ್ಜಿಯನ್ನು, ಇನ್ನೊಂದನ್ನು ಕಲಿಯಲಿಲ್ಲವೆಂದು ದೂರುವುದಂತೂ ಕ್ರೂರವಾದ ಅವಿವೇಕ.

ವಾಚಕ ಸೋದರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮರೆವಿನ ಮೊದಲ ಸಾಕ್ಷಿಗಳು ನೀವೇ. ಹಿರಿಯರ ನಡೆಯಲ್ಲಿ ಬದಲಾವಣೆ ಕಂಡ ದಿನವನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿರಿ. ಏನು ಕಂಡಿರೆಂಬುದನ್ನೂ ಬರೆಯಿರಿ. ಮನೆಯ ಚಿಕ್ಕವರು ಹೇಳುವುದನ್ನೂ ಅಲಕ್ಷ್ಯ ಮಾಡಬೇಡಿರಿ. ಅರಳು ಮರಳೆಂದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು, ಅವುಗಳಿಗೆ ಚಿಕಿತ್ಸೆಯುಂಟು. ಪರೀಕ್ಷೆಯು ಹಿರಿಯರ ಸ್ವಂತ ಮಾತಿನಲ್ಲಿ ನಡೆಯಲೆಂದು ಕೇಳಿರಿ. ಓದು ಬಾರದ ಅಜ್ಜಿಗೆ ಗಡಿಯಾರ ಬರೆಯೆಂದು ಕಾಗದ ಕೊಟ್ಟರೆ, ಅಲ್ಲಿ ತಿಳಿಯುವುದು ಆಕೆಯ ಮರೆವಲ್ಲ, ಶಾಲೆಗೆ ಹೋಗದಿದ್ದುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲಿಯೂ ಇವೆ.

ಮಕ್ಕಳಿಗೆ ಮನೆಯ ಮಾತನ್ನೂ ನೆರೆಯವರ ಮಾತನ್ನೂ ಕಲಿಸಬೇಕೆ ಎಂದು ಕೇಳಿದರೆ, ಅವಶ್ಯವಾಗಿ ಕಲಿಸಿರಿ ಎನ್ನುತ್ತೇವೆ. ಮುಂದೆ ಅದು ಮಿದುಳಿಗೆ ಹಗೇವಾದರೆ ಸಂತೋಷವೇ. ಆಗದಿದ್ದರೂ ನೆರೆಯವರೊಡನೆ ಆಡಿದ ಮಾತು ನಷ್ಟವಾಗಲಾರದು. ಗಂಗಾವತಿಯ ಆ ತಾಯಿ ಈಗ ನಿನ್ನೆಯ ಊಟವನ್ನು ಮರೆಯುತ್ತಾರೆ. ಆದರೆ ಕ್ಯಾಂಪಿನ ಗೆಳತಿಯು ಅಂಗಳಕ್ಕೆ ಬಂದರೆ ತೆಲುಗಿನಲ್ಲಿಯೇ ಕುಶಲ ಕೇಳಿ, ಕೈ ಹಿಡಿದು ಒಳಗೆ ಕರೆಯುತ್ತಾರೆ.